ಅಗಿದದ್ದನ್ನು ಅಗಿದವರು ಯಾರು?

ನಿಘಂಟು ಕಚೇರಿಯಲ್ಲಿ ಅಂದು ಬೆಳಿಗ್ಗೆ ಪತ್ತೆಯಾದದ್ದು ಹೆಣವಲ್ಲ, ಎರಡು ಚೀಟಿಗಳು. ಎರಡರ ಮೇಲೂ ಒಂದೇ ಪದ: ‘ಚರ್ವಿತಚರ್ವಣ’. ಎರಡರಲ್ಲೂ ಒಂದೇ ವಿವರಣೆ: “ಚರ್ವಿತ ಎಂದರೆ ಅಗಿದದ್ದು, ಚರ್ವಣ ಎಂದರೆ ಅಗಿಯುವುದು. ಒಮ್ಮೆ ಜಗಿದು ಬಿಟ್ಟದ್ದನ್ನೇ ಮತ್ತೆ ಬಾಯಿಗೆ ಹಾಕಿಕೊಂಡಂತಿರುವ, ಹೊಸತನವಿಲ್ಲದ ಮಾತು ಅಥವಾ ಬರಹ.” ಕೆಳಗೆ, ಪದದ ಬಳಕೆಗೆ ಉದಾಹರಣೆಯಾಗಿ, ಹಳೆಯ ಪ್ರಬಂಧ ಸಂಕಲನವೊಂದರಿಂದ ಎತ್ತಿದ ಒಂದೇ ವಾಕ್ಯ, ಪುಟ ೯೫. ಅಲ್ಪವಿರಾಮ ಕೂಡ ಅತ್ತಿತ್ತ ಅಲುಗಿರಲಿಲ್ಲ.

ಒಂದು ಚೀಟಿ ಹಿರಿಯ ಸಂಪಾದಕರದು. ಇನ್ನೊಂದು, ಕೆಲಸ ಇನ್ನೂ ಖಾಯಂ ಆಗದ ಸಹಾಯಕಿಯದು. ಕದ್ದವಳು ಅವಳೇ ಎಂದಾದರೆ ಸಂಜೆಯೊಳಗೆ ಕೆಲಸ ಹೋದಂತೆ.

“ಸ್ವಂತಿಕೆ ಇಲ್ಲದ್ದಕ್ಕೆ ಇರೋ ಪದವನ್ನೇ ಕದಿಯೋದಾ!” ಎಂದು ಮುಖ್ಯಸ್ಥರು ಹಣೆ ಚಚ್ಚಿಕೊಂಡರು. “ಕರಡಮ್ಮನ್ನ ಕರೀರಿ.”

ಕರಡಚ್ಚು ತಿದ್ದಿ ತಿದ್ದಿ ಆ ಹೆಸರು ಪಡೆದ ಹಿರಿಯಾಕೆಗೆ ಕಚೇರಿಯ ಕಳವುಗಳನ್ನು ಬಯಲಿಗೆಳೆಯುವುದು ಎರಡನೆಯ ಉದ್ಯೋಗ. ಹಿಂದೆಯೇ ಬಂದವನು ಅವರ ನಂಬಿಕೆಯ ಬಂಟ, ಬೆರಳಚ್ಚುಗಾರ. ಸಹಾಯಕಿಯನ್ನು ಕಂಡು ಅವನಿಗೆ ಕನಿಕರವಾಯಿತು. ಆದರೆ ಕನಿಕರ ಸಾಕ್ಷ್ಯವಲ್ಲವೆಂದು ಕರಡಮ್ಮ ಅವನನ್ನು ಎಷ್ಟೋ ಸಲ ಗದರಿದ್ದರು.

“ಏನಮ್ಮಾ, ಈ ವಾಕ್ಯ ಎಲ್ಲಿಂದ ತೆಗೆದೆ?”

“ಕಚೇರಿ ಪುಸ್ತಕದಿಂದಾನೇ. ತಿಂಗಳಿಂದ ನನ್ನ ಮೇಜಿನ ಮೇಲೇ ಇದೆ.” ಸಹಾಯಕಿ ತನ್ನ ಮೇಜಿನತ್ತ ಕೈ ತೋರಿಸಿದಳು.

“ತಾವು, ಸಾರ್?”

“ಅದು ಇವಳ ಹತ್ರವೇ ಇತ್ತಲ್ಲ, ನಾನು ಮುಟ್ಟಿಯೂ ಇಲ್ಲ. ಮನೇಲಿರೋ ನನ್ನ ಪ್ರತಿ ನೋಡಿ ಬರೆದೆ. ಇಗೋ!” ಹಿರಿಯರು ಚೀಲದಿಂದ ಪುಸ್ತಕ ತೆಗೆದು ಮೇಜಿಗೆ ಬಡಿದರು. “ಮೂವತ್ತು ವರ್ಷದ ಅನುಭವ ನಂದು. ನಿನ್ನೆ ಮೊನ್ನೆ ಬಂದವಳು ನನಗೆ ಅಗಿಯೋದು ಕಲಿಸ್ತಾಳಾ?”

ಕರಡಮ್ಮ ಬೆರಳಚ್ಚುಗಾರನಿಂದ ಕಚೇರಿಯ ಪ್ರತಿ ತರಿಸಿದರು. ಅದರ ಅವಸ್ಥೆ ನೋಡಿ ಅವನು ಲೊಚಗುಟ್ಟಿದ. ಹೊಸ ರಟ್ಟು ಕಟ್ಟಿದಾತ ಅಂಚನ್ನು ಎಷ್ಟು ಧಾರಾಳವಾಗಿ ಕತ್ತರಿಸಿದ್ದನೆಂದರೆ, ಅಚ್ಚಾಗಿದ್ದ ಪುಟಸಂಖ್ಯೆಗಳೆಲ್ಲ ಹಾರಿಹೋಗಿದ್ದವು. ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಹೊಸ ಅಂಕಿ ಹಾಕಿದ್ದರು, ಅಚ್ಚಿನಲ್ಲಿ ಲೆಕ್ಕಕ್ಕಿಲ್ಲದ ಮುನ್ನುಡಿಯ ಎಂಟು ಪುಟಗಳನ್ನೂ ಸೇರಿಸಿಕೊಂಡು.

ಮಧ್ಯಾಹ್ನ ಎಲ್ಲರೂ ಮುಖ್ಯಸ್ಥರ ಕೋಣೆಯಲ್ಲಿ ಸೇರಿದರು.

“ಕಚೇರಿ ಪ್ರತೀಲಿ ಆ ವಾಕ್ಯ ಪೆನ್ಸಿಲಿನ ತೊಂಬತ್ತೈದರಲ್ಲಿದೆ,” ಎಂದರು ಕರಡಮ್ಮ. “ಸಾರ್, ನಿಮ್ಮ ಪ್ರತೀಲಿ ಎಷ್ಟನೇ ಪುಟ?”

ಹಿರಿಯರು ಹಾಳೆ ಮಗುಚಿದರು. ಮಗುಚುತ್ತಲೇ ಇದ್ದರು. ಕೊನೆಗೆ, ಹಲ್ಲುನೋವಿನವರಂತೆ, “ಎಂಬತ್ತೇಳು,” ಎಂದರು.

“ನಿಮ್ಮ ಪುಸ್ತಕ ನೋಡಿದ್ರೆ ಚೀಟೀಲೂ ಎಂಬತ್ತೇಳೇ ಇರಬೇಕಿತ್ತು. ಕಚೇರಿ ಪುಸ್ತಕ ಮುಟ್ಟಿಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ತೊಂಬತ್ತೈದು ನಿಮಗೆ ಸಿಗೋಕೆ ಉಳಿದದ್ದು ಒಂದೇ ಜಾಗ, ಈ ಹುಡುಗಿಯ ಚೀಟಿ. ಅವಳೇ ನಿಮ್ಮದನ್ನ ಕದ್ದಿದ್ರೆ ಆ ಅಂಕಿ ಹುಟ್ಟೋದೇ ಇರಲಿಲ್ಲ.”

ಬೆರಳಚ್ಚುಗಾರ ತಡೆಯಲಾರದೆ ಚಪ್ಪಾಳೆ ತಟ್ಟಿ, ಒಬ್ಬನೇ ತಟ್ಟಿದ್ದು ತಿಳಿದು ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಅವತ್ತು ಕನ್ನಡಕ ಮರೆತು ಬಂದಿದ್ದೆ,” ಎಂದು ಹಿರಿಯರು ಗೊಣಗಿದರು. “ಇವಳ ಅಕ್ಷರ ದಪ್ಪಗಿತ್ತು.”

ಮುಖ್ಯಸ್ಥರು ಅಲ್ಲೇ ಸಹಾಯಕಿಯ ಕೆಲಸ ಖಾಯಂ ಮಾಡುವ ಪತ್ರಕ್ಕೆ ಸಹಿ ಹಾಕಿದರು. ಅವಳು ಕಣ್ಣೊರೆಸಿಕೊಂಡು, ತನ್ನ ಚೀಟಿಯನ್ನು ಅಚ್ಚಿಗೆ ಕೊಡಲು ಹೊರಟಾಗ ಕರಡಮ್ಮ ಕೈ ಹಿಡಿದು ನಿಲ್ಲಿಸಿದರು.

“ನಿಲ್ಲು ತಾಯಿ. ಖಾಯಂ ಆದದ್ದು ನೀನು, ತೊಂಬತ್ತೈದಲ್ಲ. ಮೊದಲು ಅದನ್ನ ತಿದ್ದು.”