ಗಟ್ಟಿಮೇಳವಿಲ್ಲದ ಮುಹೂರ್ತ

"ಅಯ್ಯೋ, ಬಿಡ್ರೀ! ಮಗೂಗೆ ಉಸಿರು ಕಟ್ಟುತ್ತೆ!"

ಮಾಲವಿಕಾಳ ಗೆಳತಿಯ ಮದುವೆಯಲ್ಲಿ ಗಟ್ಟಿಮೇಳ ಮೊಳಗುತ್ತಿದ್ದಂತೆ ಒಬ್ಬಾತ ಛತ್ರದಿಂದ ಹೊರಗೆ ಓಡಿಬಂದಿದ್ದ. ಕಿರುಚುತ್ತಿದ್ದ ಪುಟ್ಟ ಹುಡುಗಿಯನ್ನು ಎದೆಗೆ ಬಿಗಿಯಾಗಿ ಅವುಚಿಕೊಂಡಿದ್ದ. ಅವನ ಹಿಂದೆಯೇ ಕೂಗುತ್ತ ಬಂದ ಮಾಲವಿಕಾಗೆ ಮೈಯೆಲ್ಲ ಉರಿದುಹೋಯಿತು.

"ಬಿಟ್ರೇ ಕಷ್ಟ ಕಣ್ರೀ," ಅಂದ ಅವನು, ತಿರುಗಿಯೂ ನೋಡದೆ. "ನನ್ನ ಮಗಳು ಗಗನಾ. ಆಟಿಸಂ ಇದೆ. ಡೋಲಿನ ಸದ್ದು ತಡೆಯೋಕಾಗಲ್ಲ ಅವಳಿಗೆ. ಹೀಗೆ ಬಿಗಿಯಾಗಿ ಹಿಡಿದ್ರೆ ಸಮಾಧಾನ ಆಗ್ತಾಳೆ."

ಹೌದಲ್ಲ! ಕಿರುಚಾಟ ನಿಂತಿತ್ತು. ಹುಡುಗಿ ಅಪ್ಪನ ಅಂಗಿಯ ಗುಂಡಿ ತಿರುಗಿಸುತ್ತಿದ್ದಳು.

ಅಪ್ಪಿಕೊಂಡರೆ ಸದ್ದಿನ ಭಯ ಹೇಗೆ ಹೋಗುತ್ತದೆ? ಎಲ್ಲದಕ್ಕೂ ಪ್ರಶ್ನೆ ಕೇಳಿ ಅಮ್ಮನಿಂದ ಬೈಸಿಕೊಳ್ಳುವ ಮಾಲವಿಕಾಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಜೊತೆಗೆ ಗಗನಾಳ ಅಪ್ಪ, ಆ ವಾಗೀಶನೂ!

ಅವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ರಾಮಕೃಷ್ಣನಗರದ ಅವನ ಮನೆಗೆ ಹೋದಾಗಲೆಲ್ಲ ಮಾಲವಿಕಾಗೊಂದು ಹೊಸ ಸೋಜಿಗ. ಮಿಕ್ಸಿಯ ಸ್ವಿಚ್ಚನ್ನು ಗಗನಾಳೇ ಒತ್ತಿದರೆ ಆ ಗಲಾಟೆ ಅವಳಿಗೆ ಗಲಾಟೆಯೇ ಅಲ್ಲ! ಹೊಸ ಫ್ರಾಕಿನ ಕತ್ತಿನ ಲೇಬಲ್ ಮೊದಲು ಕತ್ತರಿಸಬೇಕು. ತಟ್ಟೆಯಲ್ಲಿ ಪಲ್ಯ ಅನ್ನಕ್ಕೆ ತಾಗಬಾರದು. ಮಾಲವಿಕಾ ಕೇಳುತ್ತಾ ಹೋದಳು, ವಾಗೀಶ ಹೇಳುತ್ತಾ ಹೋದ... ಕೊನೆಗೆ ಮದುವೆಯೂ ನಿಶ್ಚಯವಾಯಿತು.

ಆದರೆ ಮುಹೂರ್ತದ ದಿನ ಹತ್ತಿರ ಬಂದಾಗ, ತನ್ನ ಮನೆಯಲ್ಲಿ ಅವನು ಮೆಲ್ಲನೆ ಅಂದ, "ತಾಳಿ ಕಟ್ಟೋ ಹೊತ್ತಿಗೆ ಗಗನಾ ನಮ್ಮ ಅತ್ತಿಗೆ ಮನೇಲಿರ್ಲಿ."

ಮಾಲವಿಕಾ ಥಟ್ಟನೆ ಎದ್ದಳು. 'ಮಗಳೆಂದರೆ ನಾಚಿಕೆಯೇ ಇವರಿಗೆ? ನಾನು ಕಂಡದ್ದೆಲ್ಲ ಸುಳ್ಳೇ?'

"ಹಾಗಿದ್ರೆ ಈ ಮದುವೆನೇ ಬೇಡ!"

ಬಾಗಿಲ ತನಕ ಹೋದವಳಿಗೆ ಕಾರಣ ಕೇಳದೆ ಹೊಸ್ತಿಲು ದಾಟಲು ಆಗಲಿಲ್ಲ. ತಿರುಗಿ ನಿಂತಳು. "ಯಾಕೆ?"

"ಗಟ್ಟಿಮೇಳ..." ವಾಗೀಶನ ಕಣ್ಣು ತುಂಬಿತ್ತು. "ಅದಿಲ್ದೆ ತಾಳಿ ಕಟ್ಟಬಾರದು ಅಂತಾರೆ ಅಮ್ಮ. ಅಪಶಕುನದ ಮಾತು ಕಿವಿಗೆ ಬೀಳಬಾರದಂತೆ. ನೀವು ನಮ್ಮನ್ನ ಒಪ್ಪಿದ್ದೇ ದೊಡ್ಡದು... ಮೇಳನೂ ಬೇಡ ಅಂತ ಯಾವ ಬಾಯಲ್ಲಿ ಕೇಳ್ಲಿ?"

ಎಂಥ ಪೆದ್ದ! ಮಾಲವಿಕಾ ನೇರ ಅಡುಗೆಮನೆಗೆ ನುಗ್ಗಿದಳು. ಅವನ ತಾಯಿ ರಮಾಮಣಿ ಹುಳಿ ಕುದಿಸುತ್ತಿದ್ದರು.

"ಅತ್ತೆ, ಮನೆ ಮಗಳನ್ನ ಆಚೆ ಇಟ್ಟು ಮದುವೆ ಮಾಡೋದಕ್ಕಿಂತ ಅಪಶಕುನ ಇದೆಯಾ?"

ರಮಾಮಣಿ ಸೌಟು ಹಿಡಿದುಕೊಂಡೇ ನಿಂತರು. ಹುಳಿ ಉಕ್ಕಿತು, ಒಲೆ ಆರಿಸಿದರು.

"ಮೇಳದವರಿಗೆ ನಾನೇ ಹೇಳ್ತೀನಿ ಕಣಮ್ಮ. ಸುಮ್ನೆ ಬಂದು ಊಟ ಮಾಡ್ಕೊಂಡು ಹೋಗ್ಲಿ."

ಮುಹೂರ್ತದ ಹೊತ್ತಿಗೆ ಛತ್ರ ಸದ್ದಿಲ್ಲದೆ ಕಾಯುತ್ತಿತ್ತು. ಗಗನಾ ಯಾರನ್ನೂ ನೋಡದೆ, ಮಾಲವಿಕಾಳ ಮೈಗೆ ಒರಗಿ ಕೂತು ತೆಂಗಿನಕಾಯಿಯ ಜುಟ್ಟು ಸವರುತ್ತಿದ್ದಳು. ಪುರೋಹಿತರು ಹೇಳಿಕೊಟ್ಟ ಮಂತ್ರವನ್ನು ವಾಗೀಶ ತೊದಲುತ್ತ ಹೇಳಿ ತಾಳಿ ಕಟ್ಟಿದ.

"ಧ್ವನಿ ಯಾಕೆ ಅಷ್ಟು ನಡುಗ್ತಿತ್ತು?" ಪಿಸುಗುಟ್ಟಿದಳು ಮಾಲವಿಕಾ.

"ಅಯ್ಯೋ, ಕೇಳಿಸ್ತಾ?"

"ಇಡೀ ಛತ್ರಕ್ಕೇ ಕೇಳಿಸ್ತು!"

"ಆವತ್ತು ನೀನು ಹೊರಟೇ ಹೋಗಿದ್ರೆ ಏನು ಗತಿ ಅಂತ ನೆನಪಾಯ್ತು ಕಣೇ..." ಅಂದುಬಿಟ್ಟ. ಮೊದಲ ಸಲ ಅವನ ಬಾಯಲ್ಲಿ 'ನೀನು'!

ಅವಳ ಕಣ್ಣಲ್ಲಿ ನೀರಾಡಿತು.

"ಇನ್ನೆಲ್ಲಿಗೂ ಹೋಗಲ್ಲ ಬಿಡಿ. ಗಗನಾ ನನ್ನ ಸೆರಗಿನ ಮೇಲೇ ಕೂತಿದ್ದಾಳೆ."