ಕರೀ ಕೋಟು ಕಳಚಿಟ್ಟ ದಿನ

"ಇಲ್ಲೊಂದು ಸಹಿ ಹಾಕ್ರಿ."

ಉಚ್ಚಂಗಮ್ಮ ತಲೆಯೆತ್ತಿದಳು. ದಾವಣಗೆರೆ ಕೋರ್ಟಿನ ಜಗುಲಿಯಲ್ಲಿ, ಕಳ್ಳಿ ಎಂಬ ಹೆಸರು ಹೊತ್ತು ಕೂತವಳ ಮುಂದೆ, ಒಬ್ಬ ಯುವಕ ವಕಾಲತ್ತಿನ ಕಾಗದ ಹಿಡಿದು ನಿಂತಿದ್ದ. ತೊಟ್ಟಿದ್ದ ಕರೀ ಕೋಟು ಅವನ ಅಳತೆಗಿಂತ ಸಾಕಷ್ಟು ದೊಡ್ಡದಿತ್ತು.

'ಈ ಮುಖ ಎಲ್ಲೋ ನೋಡೀನಲ್ಲ...!'

ಹೌದು, ಹರಿಹರದಿಂದ ತಾನು ಬರುವ ಬೆಳಗಿನ ಬಸ್ಸಿಗೇ ಬರುವವನು. ಮೂಲೆಯ ಸೀಟಿನಲ್ಲಿ ಕೂತು ದಪ್ಪ ಪುಸ್ತಕದೊಳಗೆ ಮುಖ ಹುದುಗಿಸುವವನು.

"ಯಾರು ಕಳ್ಸಿದ್ರು ನಿಮ್ಮನ್ನ?"

"ಯಾರೂ ಕಳ್ಸಿಲ್ರಿ, ನಾನೇ ಬಂದೆ. ಶಿವಯೋಗಪ್ಪ ಅಂತ, ವಕೀಲ."

"ಮತ್ತೆ ಯಾಕ ಬಂದ್ರಿ?"

ವಾದ ಮಾಡಿ ಹೊಟ್ಟೆ ಹೊರೆಯುವವನಿಗೆ ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು.

"ನಿಮ್ ಕಡೆ ಮಾತಾಡೋರು ಯಾರೂ ಇಲ್ಲ ಅಂತ ಗೊತ್ತಾತು... ಅದಕ್ಕೆ."

"ಹಾಕೇ ಉಚ್ಚಂಗಿ! ದೇವ್ರು ಬಂದಂಗೆ ಬಂದಾರೆ," ಎಂದು ತಾಯಿ ರಂಗವ್ವ ಮೊಣಕೈಯಲ್ಲಿ ತಿವಿದಳು.

ಉಚ್ಚಂಗಿ ಸಹಿ ಹಾಕಿದಳು. ನಂಬಿದಳೋ ಇಲ್ಲವೋ, ಅವಳಿಗೇ ಗೊತ್ತಾಗಲಿಲ್ಲ.

ಆಗಿದ್ದು ಇಷ್ಟು. ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅವಳಿಗೆ ಅಡುಗೆ ಕೆಲಸ. ಆ ಮನೆಯ ಯಜಮಾನಿ ಮರುಳಸಿದ್ದಮ್ಮನ ಚಿನ್ನದ ಅವಲಕ್ಕಿ ಸರ ಕಾಣೆಯಾಯಿತು. "ನಿನ್ ಕೈ ರೊಟ್ಟಿ ಇಲ್ದಿದ್ರೆ ನನಗೆ ಊಟಾನೇ ಸೇರಲ್ಲ" ಎನ್ನುತ್ತಿದ್ದ ಬಾಯಿ ಒಂದೇ ದಿನಕ್ಕೆ ತಿರುಗಿತು. "ಇವಳೇ ಕದ್ದಾಳೆ!"

ಪೊಲೀಸರು ಬಂದರು. ನಂದಿಗುಡಿಯ ಸೋದರಮಾವ ಜಾಮೀನು ನಿಂತು ಬಿಡಿಸಿಕೊಂಡು ಬಂದ. ಆದರೆ ಕಳ್ಳತನ ರುಜುವಾತಾದರೆ ಜೈಲು ತಪ್ಪುವಂತಿರಲಿಲ್ಲ. ಜೈಲಿಗೆ ಹೋಗಿಬಂದ ಹೆಣ್ಣಿಗೆ ಆಮೇಲೆ ಯಾವ ಮನೆಯ ಬಾಗಿಲು ತೆರೆದೀತು?

ವಿಚಾರಣೆಯ ದಿನಗಳಲ್ಲಿ ಹೋಗುವುದೂ ಬರುವುದೂ ಅದೇ ಬಸ್ಸು. ಶಿವಯೋಗಪ್ಪ ಹಿಂದಿನ ಸೀಟಿನಲ್ಲಿ ಕೂತು ಕೇಸಿನ ಬಗ್ಗೆ ಎರಡು ಮಾತಾಡುತ್ತಿದ್ದ. ಇಳಿಯುವಾಗ ಮಾತ್ರ, "ಊಟ ಬಿಡಬ್ಯಾಡ್ರಿ, ಧೈರ್ಯ ಇರ್ಲಿ," ಎನ್ನುತ್ತಿದ್ದ.

ಬರಬರುತ್ತಾ ನಮ್ಮ ಉಚ್ಚಂಗಿಗೆ ವಾಯಿದೆಯ ದಿನ ಭಯವೂ ಆಗುತ್ತಿತ್ತು, ಬೆಳಿಗ್ಗೆಯೇ ತಲೆ ಬಾಚಿಕೊಳ್ಳುವ ಅವಸರವೂ ಆಗುತ್ತಿತ್ತು. ಕೋರ್ಟಿಗೆ ಹೋಗೋಕೆ ಹೂ ಯಾಕೆ ಮುಡಿಯಬೇಕು ಎಂದು ತನ್ನನ್ನೇ ಗದರಿಸಿಕೊಂಡು, ಕೊನೆಗೆ ಮುಡಿದೇ ಹೋಗುತ್ತಿದ್ದಳು.

ಒಂದು ವಾಯಿದೆಯ ದಿನ ಮರುಳಸಿದ್ದಮ್ಮ ಸಾಕ್ಷಿ ಹೇಳಲು ನಿಂತಳು.

"ಅವತ್ತು ಅಮಾವಾಸ್ಯೆ ಸ್ವಾಮಿ. ದೀಪ ಹಚ್ಚೋ ಹೊತ್ತು. ಇವಳು ಹಿತ್ತಲ ಬಾಗ್ಲಿಂದ ಓಡಿ ಹೋಗಿದ್ದನ್ನ ನಾನೇ ಕಣ್ಣಾರೆ ನೋಡೀನಿ!"

ದೂರಿನಲ್ಲಿ ಇದ್ದದ್ದು 'ಆ ವಾರ' ಎಂದಷ್ಟೇ. ದಿನ, ಹೊತ್ತು ಹೊರಬಿದ್ದದ್ದು ಈಗಲೇ.

"ಸುಳ್ಳು!" ಉಚ್ಚಂಗಿ ಕಟಕಟೆಯಿಂದಲೇ ಕೂಗಿದಳು. "ಆ ಸಂಜೆ ನಾನು ಹರಿಹರದ ಹೊಳೆ ದಂಡ್ಯಾಗಿದ್ದೆ!"

"ಅಲ್ಲಿ ನಿನ್ನನ್ನು ನೋಡಿದವರು ಯಾರಾದರೂ ಇದ್ದಾರೆಯೇ?" ಮ್ಯಾಜಿಸ್ಟ್ರೇಟರು ಕೇಳಿದರು.

ಯಾರಿದ್ದಾರೆ? ಅವ್ವ ಅಂದು ನಂದಿಗುಡಿಯಲ್ಲಿದ್ದಳು. ತೀರಿಹೋದ ಅಪ್ಪನ ಹೆಸರಿನಲ್ಲಿ ಉಚ್ಚಂಗಿ ಒಬ್ಬಳೇ ತುಂಗಭದ್ರೆಗೆ ದೀಪ ಬಿಟ್ಟಿದ್ದಳು. ಆಗ ಅವಳಾಡಿದ ಮಾತು ಅವ್ವನಿಗೂ ಗೊತ್ತಿರಲಿಲ್ಲ.

ಅವಳು ಶಿವಯೋಗಪ್ಪನ ಕಡೆ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಎದ್ದ, ಕೂತ, ಮತ್ತೆ ಎದ್ದ.

"ಸ್ವಾಮಿ... ವಾಯಿದೆ ಬೇಕು."

ಅಷ್ಟೇ! ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ!

ಹೊರಗೆ ಬಂದ ಮೇಲೆ ಅವನು ಅವಳ ಮುಖ ನೋಡದೆ ಹೇಳಿದ. "ಇನ್ಮುಂದೆ ನಾನು ನಿಮ್ ವಕೀಲ ಅಲ್ರಿ. ಹಿರೇ ವಕೀಲ್ರು ಹಯಾತ್ ಸಾಬ್ರು ನೋಡ್ಕೊಂತಾರೆ."

ಉಚ್ಚಂಗಿ ಅಡ್ಡ ಬಂದು ನಿಂತಳು. "ಯಾಕ? ಆಯಮ್ಮನ ಮಾತು ನಂಬಿದ್ರಾ? ನಾನು ಕದ್ದೀನಿ ಅಂತ..."

"ಈಗ ಏನೂ ಕೇಳಬ್ಯಾಡ್ರಿ. ನಾನು ನಿಮ್ ಜತೆ ಮಾತಾಡೋದೇ ತಪ್ಪಾಗತೈತೆ."

ಹೋಗಿಯೇ ಬಿಟ್ಟ. ಅಂದು ಊರಿಗೆ ಮರಳುವ ಬಸ್ಸಿಗೂ ಬರಲಿಲ್ಲ.

'ಕರೆಯದೆ ಬಂದವನು ಕಾರಣ ಹೇಳದೆ ಹೋದ. ಕಳ್ಳಿ ಅಂತ ನಂಬಿದ್ರೆ ಹಯಾತ್ ಸಾಬರಿಗೆ ಯಾಕೆ ಒಪ್ಪಿಸಿದ? ನಂಬದಿದ್ರೆ ಯಾಕೆ ಬಿಟ್ಟು ಹೋದ?' ರೊಟ್ಟಿ ತಟ್ಟುತ್ತಾ ಇದೇ ಯೋಚನೆ. ರೊಟ್ಟಿ ಸೀದು ಕರಕಲಾದರೂ ಉತ್ತರ ಸಿಗುತ್ತಿರಲಿಲ್ಲ. ಅವನ ಮೇಲೆ ಸಿಟ್ಟಿತ್ತು. ಸಿಟ್ಟಿನ ಜೊತೆ ಅವನನ್ನು ಒಮ್ಮೆ ನೋಡಬೇಕೆಂಬ ಆಸೆಯೂ ಇತ್ತು. ಅದಕ್ಕೆ ತನ್ನ ಮೇಲೂ ಸಿಟ್ಟು.

ಮುಂದಿನ ವಾಯಿದೆ ಬಂತು. ಬಿಳಿ ಗಡ್ಡದ ಹಯಾತ್ ಸಾಬರು ಮೊದಲು ಮರುಳಸಿದ್ದಮ್ಮನನ್ನು ಕೇಳಿದರು.

"ಅಮ್ಮಾ, ಓಡಿ ಹೋದವಳ ಮುಖ ನೋಡಿದ್ರಾ?"

"ಮುಖ... ಬೆನ್ನು ನೋಡ್ದೆ. ಹಸಿರು ಸೀರೆ ಉಟ್ಟಿದ್ಲು. ಇವಳೇ ಅಂದ್ಕೊಂಡೆ."

"ಅಂದ್ಕೊಂಡ್ರಿ. ಆತು, ಇಳೀರಿ." ಸಾಬರು ಬಾಗಿಲ ಕಡೆ ತಿರುಗಿದರು. "ನಮ್ಮ ಕಡೆ ಸಾಕ್ಷಿ... ಶಿವಯೋಗಪ್ಪ!"

ಉಚ್ಚಂಗಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಅವನೇ! ಮೈಮೇಲೆ ಕರೀ ಕೋಟಿಲ್ಲ, ಬರೀ ಬಿಳಿ ಅಂಗಿ. ಬಂದವನು ಸಾಕ್ಷಿಕಟ್ಟೆ ಹತ್ತಿ ಪ್ರಮಾಣ ಮಾಡಿದ.

"ಆ ಅಮಾವಾಸ್ಯೆ ಸಂಜೆ ಎಲ್ಲಿದ್ರಿ?"

"ಹರಿಹರದ ಹೊಳೆ ಮೆಟ್ಲ ಮ್ಯಾಲೆ. ದೀಪ ಹಚ್ಚೋ ಹೊತ್ತಿಗೆ ಇವರು ಬಂದ್ರು. ಕತ್ಲಾಗೋ ತನಕ ಅಲ್ಲೇ ಇದ್ರು."

ಸರ್ಕಾರಿ ವಕೀಲರು ನಗುತ್ತಾ ಎದ್ದರು. "ಅಷ್ಟು ಹೊತ್ತು ಒಬ್ಬ ಹೆಣ್ಣುಮಗಳನ್ನು ನೋಡುತ್ತಾ ಕೂತಿದ್ದಿರಿ. ಯಾಕೆ ವಕೀಲರೇ?"

ಕೋರ್ಟಿನ ತುಂಬಾ ನಗೆ. ಶಿವಯೋಗಪ್ಪನ ಕಿವಿ ಮತ್ತೆ ಕೆಂಪಗಾಯಿತು. ಆದರೆ ಈ ಸಲ ಉತ್ತರ ಇತ್ತು.

"ಪ್ರಮಾಣ ಮಾಡೀನಿ, ಸುಳ್ಳು ಹೇಳಂಗಿಲ್ಲ. ಎದ್ದು ಹೋಗ್ಬೇಕು ಅಂದ್ಕೊಂಡೆ, ಕಾಲು ಏಳ್ಲಿಲ್ಲ. ದಿನಾ ಬಸ್ಸಿನಾಗೆ ಪುಸ್ತಕ ತೆಗೀತಿದ್ದೆ, ಒಂದು ಹಾಳೆನೂ ಓದಿಲ್ಲ. ನನಗೆ ಇವರ ಮ್ಯಾಲೆ ಮನಸೈತೆ ಸ್ವಾಮಿ."

ನಗೆ ನಿಂತುಹೋಯಿತು.

"ಅಂದರೆ ಪ್ರೀತಿಗೋಸ್ಕರ ಸುಳ್ಳು ಸಾಕ್ಷಿ!" ಸರ್ಕಾರಿ ವಕೀಲರು ಗುಡುಗಿದರು.

"ಸುಳ್ಳು ಹೇಳೋದಿದ್ರೆ ಈ ಮಾತನ್ನೇ ಮುಚ್ಚಿಡ್ತಿದ್ದೆನಲ್ರಿ."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಅಂದೇ ಮಧ್ಯಾಹ್ನ ಉಚ್ಚಂಗಮ್ಮನ ಬಿಡುಗಡೆಯಾಯಿತು. ಮರುಳಸಿದ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದಳು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತಿದೆ. ಉಚ್ಚಂಗಿಯ ಪಾಡೂ ಅದೇ ಆಯಿತು. ಜಗುಲಿಯ ಜನ ಅವಳತ್ತ ನೋಡಿ ಪಿಸುಗುಟ್ಟುತ್ತಿದ್ದರು. ಕಳ್ಳಿ ಎಂಬ ಹೆಸರು ಹೋಯಿತು, ವಕೀಲ ಕದ್ದು ನೋಡಿದ ಹುಡುಗಿ ಎಂಬ ಹೆಸರು ಬಂತು!

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಬೇಟಿ, ಒಂದೇ ಕೇಸಿನಾಗೆ ವಕೀಲನೂ ಅವನೇ, ಸಾಕ್ಷಿನೂ ಅವನೇ ಆದ್ರೆ ಯಾರು ನಂಬ್ತಾರೆ?" ಹಯಾತ್ ಸಾಬರು ಮೆಲ್ಲಗೆ ಹೇಳಿದರು. "ಅದಕ್ಕೇ ಕೋಟು ಕಳಚಿಟ್ಟ. ನಿನ್ ಜತೆ ಮಾತು ಬಿಟ್ಟಿದ್ದೂ ಅದಕ್ಕೇ. ಹೇಳಿಕೊಟ್ಟ ಸಾಕ್ಷಿ ಅನ್ನಬಾರದಲ್ಲ!"

ಅಂಗಳದ ಬೇವಿನ ಮರದ ಕೆಳಗೆ ಶಿವಯೋಗಪ್ಪ ಒಬ್ಬನೇ ನಿಂತಿದ್ದ. ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ನಿಜ ಹೇಳ್ರಿ. ಅವತ್ತು ನೀವು ಅಲ್ಲಿದ್ರಾ? ನಾನಂತೂ ನಿಮ್ಮನ್ನ ನೋಡ್ಲಿಲ್ಲ. ನನ್ನ ಬಿಡಿಸೋಕೆ ಸುಳ್ಳು ಹೇಳಿದ್ರೆ... ಆ ಬಿಡುಗಡೆ ನನಗೆ ಬ್ಯಾಡ!"

ಅವನು ಅವಳತ್ತ ತಿರುಗಿದ.

"ನಿಮ್ ಬೆನ್ನ ಹಿಂದೆ, ಮ್ಯಾಲಿನ ಮೆಟ್ಲಾಗೆ ಕೂತಿದ್ದೆ. ಎಲೆ ಮ್ಯಾಲೆ ದೀಪ ಇಟ್ಟು ಬಿಟ್ರಿ. ಅದು ತಿರುಗಿ ತಿರುಗಿ ದಡಕ್ಕೇ ಬಂತು. ನೀವು ಕೈಲೆ ನೀರು ತಳ್ಳಿ ಅಂದ್ರಿ... 'ಹೋಗಪ್ಪಾ, ಅವ್ವನ್ನ ನಾನು ನೋಡ್ಕೊಂತೀನಿ. ನೀನು ಚಿಂತಿ ಬಿಟ್ಟು ಹೋಗು.'"

ಉಚ್ಚಂಗಿಯ ಕಣ್ಣು ತುಂಬಿ ಬಂತು. ಅದೇ ಮಾತು! ಅಪ್ಪನಿಗಷ್ಟೇ ಕೇಳಿತೆಂದುಕೊಂಡ ಮಾತು!

"ಇದನ್ನ ಒಳಗೆ ಹೇಳಿದ್ರೆ ಎಲ್ರೂ ಆಗ್ಲೇ ನಂಬ್ತಿದ್ರು. ಯಾಕ ಹೇಳ್ಲಿಲ್ಲ?"

"ಅದು ನಿಮ್ದು, ನಿಮ್ಮಪ್ಪಂದು. ಕೋರ್ಟಿನಾಗೆ ಹರವೋಕೆ ನನಗೆ ಹಕ್ಕಿಲ್ಲ. ನನ್ನ ಮನಸ್ಸು ನಂದು, ಅದನ್ನ ಹೇಳ್ದೆ."

ಇಷ್ಟು ದಿನ ತಲೆಯೊಳಗೆ ಗಿರಗಿರ ತಿರುಗುತ್ತಿದ್ದದ್ದೆಲ್ಲ ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಾರೇ, ಬಸ್ಸು ಹೋಗತೈತೆ!" ಗೇಟಿನಿಂದ ರಂಗವ್ವ ಕೂಗಿದಳು.

ಉಚ್ಚಂಗಿ ಎರಡು ಹೆಜ್ಜೆ ಹೋದವಳು ತಿರುಗಿದಳು.

"ಮುಂದಿನ ಅಮಾವಾಸ್ಯೆಗೂ ಹೊಳೆಗೆ ಬರ್ತೀರಾ?"

"ಬ್ಯಾಡ ಅಂದ್ರೆ... ಬರಲ್ರಿ."

"ಬರ್ರಿ. ದೂರದಾಗೆ ಬ್ಯಾಡ, ನಮ್ಮ ಪಕ್ಕದಾಗೆ ಬಂದು ಕೂಡ್ರಿ. ಅವ್ವನೂ ಇರ್ತಾಳೆ."

"ನಾನು ಬಂದು ಏನು ಮಾಡ್ಲಿ?"

ಅವಳು ತಲೆ ತಗ್ಗಿಸಿದಳು. ದನಿ ಅವನಿಗಷ್ಟೇ ಕೇಳುವಷ್ಟಿತ್ತು.

"ಅಪ್ಪಗೆ ಹೇಳ್ಬೇಕು... ಅವ್ವನ್ನ ನೋಡ್ಕೊಳ್ಳೋಕೆ ಇನ್ನೊಬ್ರು ಸಿಕ್ಕಾರೆ ಅಂತ."