ತಾಳೆಯಾಗದ ಚೀಟಿಗಳು

"ತಪ್ಪು ನಿಂದೇ," ಎಂದರು ಅತ್ತೆ, ಕನ್ನಡಕವನ್ನು ಹಣೆಗೇರಿಸಿ. "ನಿಮ್ಮಿಬ್ಬರ ಚೀಟಿ ತಾಳೆ ಆಗ್ಲಿಲ್ಲ ಅಂತ ಈ ವಾರ ನಾಲ್ಕು ಸಲ ನಾನೇ ಬಂದು ಅಳೆದೆ. ನಾಲ್ಕು ಸಲಾನೂ ಅವನ ಲೆಕ್ಕ ಸರಿ. ಸೋಮವಾರದಿಂದ ಹೋನಿಂಗ್ ಮಷಿನ್ ಬಿಡು, ಕೌಂಟರಲ್ಲಿ ಕೂತ್ಕೋ."

ಹಳೆಯ ಎಂಜಿನ್ನುಗಳಿಗೆ ಮರುಹುಟ್ಟು ಕೊಡುವ ಆ ಶಾಪ್ ಅವಳ ಸೋದರತ್ತೆಯದು. ಅಲ್ಲೊಂದು ಕಟ್ಟಳೆಯಿತ್ತು. ಪ್ರತಿ ಪಿಸ್ಟನ್ನನ್ನೂ ಇಬ್ಬರು ಒಬ್ಬರಾದ ಮೇಲೊಬ್ಬರು ಅಳೆದು, ಚೀಟಿಯಲ್ಲಿ ಬರೆದು ಬೋರಲು ಹಾಕಬೇಕು. ಎರಡೂ ಒಂದೇ ಆದರೆ ಮಾತ್ರ ಆ ಅಳತೆಗೆ ಸಿಲಿಂಡರಿನ ಒಳಗನ್ನು ಉಜ್ಜುವುದು. ಆರು ವರ್ಷದಿಂದ ಹೋನಿಂಗ್ ಮಷಿನ್ನಿನಲ್ಲಿ ಹಾಗೆ ಉಜ್ಜುತ್ತಿದ್ದವಳು ಇವಳೇ. ಸಿಲಿಂಡರಿನ ಗೋಡೆಯಲ್ಲಿ ಸಣ್ಣ ಗೆರೆಗಳು ಮಿನುಗುತ್ತ ಮೂಡುವಾಗ ಅವಳಿಗೆ ಹಸಿವು ನೀರಡಿಕೆ ಒಂದೂ ನೆನಪಿರುತ್ತಿರಲಿಲ್ಲ. ಅದನ್ನು ಬಿಟ್ಟು ಕೌಂಟರಿನಲ್ಲಿ ರಬ್ಬರ್ ಸೀಲ್ ಎಣಿಸುವುದೇ!

ಅದಕ್ಕಿಂತ ಹೊಟ್ಟೆ ಉರಿಸಿದ್ದು ಆ 'ಅವನು'. ಬಂದು ಎರಡು ತಿಂಗಳಾದ ಫಿಟ್ಟರ್. ಹೋದ ವಾರದವರೆಗೆ ಅತ್ತೆಯ ಜೊತೆ ಅಳೆಯುತ್ತಿದ್ದ, ಒಂದು ಸಲವೂ ತಪ್ಪಿರಲಿಲ್ಲ. ಮೆತ್ತನೆ ಮಾತಿನವನು, ಬೋಲ್ಟ್ ಬಿಗಿಯುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುವವನು. ಅವನೆಂದರೆ ಅವಳಿಗೆ ಇಷ್ಟ. ಹೇಳಿರಲಿಲ್ಲ, ಅಷ್ಟೇ. ಇಷ್ಟಪಟ್ಟವನೇ ಬಾಯಿಗೆ ಮಣ್ಣು ಹಾಕಿದನಲ್ಲ ಎಂದು ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

ಶನಿವಾರ ಬೆಳಗ್ಗೆ ಅವಳು ಮೊದಲ ಪಿಸ್ಟನ್ ಅಳೆದು, ಚೀಟಿ ಬೋರಲು ಹಾಕಿ, ಮಷಿನ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಳು. ಎದುರಿನ ಕಿಟಕಿಯ ಗಾಜಿನಲ್ಲಿ ಅವನು ಚೆನ್ನಾಗಿಯೇ ಕಾಣುತ್ತಿದ್ದ.

ಅವನು ಪಿಸ್ಟನ್ ಎತ್ತಿ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. ಅಳೆಯುವ ಮೈಕ್ರೋಮೀಟರನ್ನು ಮುಟ್ಟಲಿಲ್ಲ. ಸಡಿಲವಾಗಿದ್ದ ಅವಳ ಜಡೆಯನ್ನು ನೋಡಿದ, ಕಿವಿಯ ಹಿಂದಿನ ಗ್ರೀಸ್ ಗುರುತನ್ನು ನೋಡಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಂತೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯದಲ್ಲಿ ಐದು ನಿಮಿಷ ನೋಡುತ್ತಲೇ ನಿಂತ.

ಅವಳ ಕೆನ್ನೆ ಕಾದಿತು. ಮರುಕ್ಷಣ ಲೆಕ್ಕ ಹೊಳೆಯಿತು. ಅಲ್ಯೂಮಿನಿಯಂ, ಬಿಸಿ ಅಂಗೈ, ಐದು ನಿಮಿಷ!

"ಕೆಳಗಿಡು ಅದನ್ನ!" ಸಿಟ್ಟಿನಲ್ಲಿ 'ನೀವು' ಹೋಗಿ 'ನೀನು' ಆಗಿತ್ತು. "ನಿನ್ನ ಕೈ ಬಿಸಿಗೆ ಪಿಸ್ಟನ್ ಊದ್ಕೊಂಡಿದೆ. ಮಿಲಿಮೀಟರಿನ ನೂರನೇ ಒಂದು ಪಾಲು! ಅದು ಆರೋ ಮುಂಚೆ ಅತ್ತೆ ಬಂದು ಅಳೀತಾರೆ, ನಿಂದೇ ಸರಿ ಅಂತಾರೆ. ಅತ್ತೆ ಜೊತೆ ಅಳೆಯುವಾಗ ಯಾಕೆ ಹೀಗೆ ಮಾಡ್ತಿರ್ಲಿಲ್ಲ?"

ಅವನು ಕಿವಿಯವರೆಗೂ ಕೆಂಪಾದ. "ಮೇಡಂನ ಯಾಕೆ ಅಷ್ಟು ಹೊತ್ತು ನೋಡ್ಲಿ?"

ಬಂದ ನಗುವನ್ನು ಅವಳು ಹಲ್ಲು ಕಚ್ಚಿ ತಡೆದಳು. "ಹೋಗಿ ಇದನ್ನೇ ಹೇಳು. ಇಲ್ದಿದ್ರೆ ನನ್ನ ಮಷಿನ್ ಹೋಗುತ್ತೆ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ," ಎಂದ. ಆದರೂ ಕೈ ಒರೆಸಿಕೊಂಡು ಸೀದಾ ಆಫೀಸಿನ ಬಾಗಿಲು ತಳ್ಳಿದ.

"ಮೇಡಂ, ಅವರ ಅಳತೆ ಸರಿ. ನಾನು ಪಿಸ್ಟನ್ ಹಿಡ್ಕೊಂಡು ಅವರನ್ನೇ ನೋಡ್ತಾ ನಿಂತ್ಬಿಡ್ತೀನಿ, ಅದು ಬಿಸಿಯಾಗುತ್ತೆ. ಅವರು ಅಂದ್ರೆ ನಂಗೆ ತುಂಬಾ ಇಷ್ಟ. ನನ್ನ ಬೇಕಾದ್ರೆ ತೆಗೀರಿ, ಮಷಿನ್ ಮಾತ್ರ ಅವರ ಹತ್ರಾನೇ ಇರ್ಲಿ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಎದ್ದರು. ಹೊರಗೆ ಬಂದು ಆ ಪಿಸ್ಟನ್ನನ್ನು ಅಳೆದರು. ಕಬ್ಬಿಣದ ಮೇಜಿನ ಮೇಲಿಟ್ಟು ಅದು ಆರಲಿ ಎಂದು ಕುರ್ಚಿ ಎಳೆದು ಕೂತರು. ಅರ್ಧ ಗಂಟೆ ಮೂವರೂ ಪಿಸ್ಟನ್ನನ್ನೇ ನೋಡುತ್ತ ಕಾದರು. ಅತ್ತೆ ಮತ್ತೆ ಅಳೆದು ಅವಳ ಚೀಟಿ ಮಗುಚಿದರು. ಅದಕ್ಕೂ ಈಗಿನ ಅಳತೆಗೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಮಷಿನ್ ನಿಂದೇ ಕಣೆ, ನಾನೇ ಆತುರಪಟ್ಟೆ," ಎಂದರು ಅವಳಿಗೆ. ಅವನ ಕಡೆ ತಿರುಗಿ, "ನೀನು ಇನ್ಮೇಲೆ ಗೋಡೆ ನೋಡ್ಕೊಂಡು ಅಳತೆ ತಗೋ. ನೋಡೋದೆಲ್ಲ ಊಟದ ಹೊತ್ತಲ್ಲಿ. ಅದೂ ಇವಳು ಒಪ್ಪಿದ್ರೆ," ಎಂದು ನಗು ಮುಚ್ಚಿಕೊಳ್ಳುತ್ತ ಒಳಗೆ ನಡೆದರು.

ಅವನಿಗೆ ತಲೆ ಎತ್ತಲಾಗಲಿಲ್ಲ. "ಒಪ್ತೀರಾ?"

ಅವಳ ಎದೆ ಸಂತೋಷದಿಂದ ಹೊಡೆದುಕೊಳ್ಳುತ್ತಿತ್ತು. ಅವನ ಬೆರಳುಗಳಲ್ಲಿ ತನ್ನ ಬೆರಳು ಸೇರಿಸಿದಳು.

"ಏನಾದ್ರೂ ಹಿಡ್ಕೊಳ್ದೆ ಇರಕ್ಕಾಗಲ್ಲ ಅಂದ್ರೆ ಇದನ್ನ ಹಿಡ್ಕೋ. ಎಷ್ಟು ಬಿಸಿಯಾದ್ರೂ ಅಳೆಯೋರು ಯಾರೂ ಇಲ್ಲ."